ಸೋತ ಯುದ್ಧಕ್ಕೆ ನಸುಕಿನಲ್ಲಿ ಎದ್ದು ನಿಲ್ಲುವುದು ಯಾಕೆ?

ಪ್ರಶ್ನೆ: ನಾವು ಮೆಲ್ಬರ್ನ್‌ಗೆ ಬಂದು ಮೂರು ವರ್ಷ ಆಯ್ತು. ಊರು ತುಮಕೂರು. ಮಗ ನಾಲ್ಕನೇ ಕ್ಲಾಸು. ಆನ್ಜಾಕ್ ಡೇ ಬಗ್ಗೆ ಅವನು ಕ್ಲಾಸಿನಲ್ಲಿ ಐದು ನಿಮಿಷ ಮಾತಾಡಬೇಕಂತೆ. ಕೂತು ಓದಿದರೆ ಅದು ಸೋತ ಯುದ್ಧ! ಸೋತಿದ್ದಕ್ಕೆ ಇಷ್ಟು ದೊಡ್ಡ ಆಚರಣೆ ಯಾಕೆ? ಸೈನಿಕರ ಹ್ಯಾಟು ಒಂದೇ ಕಡೆ ಯಾಕೆ ಮಡಚಿರುತ್ತೆ? ಅವರನ್ನು ಡಿಗ್ಗರ್ ಅಂತ ಯಾಕೆ ಕರೀತಾರೆ? ನಮ್ಮವರು ಯಾರಾದರೂ ಅವರ ಜೊತೆ ಇದ್ದರಾ? ಬೆಳಗಿನ ಜಾವದ ಕಾರ್ಯಕ್ರಮಕ್ಕೆ ನಮ್ಮಂಥವರು ಹೋದರೆ ಏನಾದರೂ ಅಂದುಕೊಳ್ತಾರಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಧಾರಾಳವಾಗಿ ಹೋಗಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹೋದಾಗ ಏನು ಮಾಡಬೇಕು ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಈಗ ಸೋಲಿನ ವಿಷಯ. ನೀವು ಓದಿದ್ದು ಸರಿಯಾಗಿಯೇ ಇದೆ. ಆನ್ಜಾಕ್ ಡೇ ದಿನ ನೆನೆಯುವುದು ಗ್ಯಾಲಿಪೊಲಿಯನ್ನು, ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಆ ಪರ್ಯಾಯ ದ್ವೀಪದಲ್ಲಿ ನಡೆದ ಕಾದಾಟವನ್ನು. ಅದು ಅರೆಬರೆ ಸೋಲಲ್ಲ, ಪೂರ್ತಿ ಸೋಲು. 1915ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ಗೆ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿ ಬೇಕಾಗಿತ್ತು. ಅದು ಕೈಗೆ ಬಂದರೆ ಇಸ್ತಾಂಬುಲ್ ಹಿಡಿಯಬಹುದು, ರಷ್ಯಾಕ್ಕೆ ಸಮುದ್ರದ ದಾರಿ ತೆರೆಯಬಹುದು ಅಂತ ಲೆಕ್ಕ. ಮಾರ್ಚ್ 18ರಂದು ಬರೀ ಯುದ್ಧನೌಕೆಗಳನ್ನು ನುಗ್ಗಿಸಿ ನೋಡಿದರು. ನೀರಿನಲ್ಲಿ ಹುದುಗಿಸಿದ್ದ ಸಿಡಿಗುಂಡುಗಳಿಗೆ ಸಿಕ್ಕಿ ಹಡಗುಗಳು ಮುಳುಗಿದವು. ಆಮೇಲೆ ಕಾಲಾಳುಗಳನ್ನೇ ದಡಕ್ಕೆ ಇಳಿಸೋಣ ಅಂತಾಯಿತು. ಏಪ್ರಿಲ್ 25ರ ನಸುಕಿನಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಹುಡುಗರು ದೋಣಿಗಳಲ್ಲಿ ಬಂದು ಒಂದು ಸಣ್ಣ ಕೊಲ್ಲಿಯಲ್ಲಿ ಇಳಿದರು. ಆ ತಾರೀಖೇ ಆನ್ಜಾಕ್ ಡೇ. ಆನ್ಜಾಕ್ ಅಂದರೆ ಮಹಾ ಅರ್ಥವೇನೂ ಇಲ್ಲ. ಆಸ್ಟ್ರೇಲಿಯನ್ ಅಂಡ್ ನ್ಯೂಜಿಲೆಂಡ್ ಆರ್ಮಿ ಕೋರ್ ಅನ್ನೋದರ ಮೊದಲಕ್ಷರಗಳು. ಕೈರೋದ ಕಚೇರಿಯಲ್ಲಿ ಗುಮಾಸ್ತರು ರಬ್ಬರ್ ಸೀಲಿಗೆ ಉದ್ದವಾಯಿತು ಅಂತ ಚಿಕ್ಕದು ಮಾಡಿಕೊಂಡಿದ್ದು. ಇವತ್ತು ಆ ಪದವನ್ನು ಅಂಗಡಿ ಬೋರ್ಡಿನ ಮೇಲೆ ಹಾಕಬೇಕಾದರೂ ಸರ್ಕಾರದ ಅನುಮತಿ ಬೇಕು!

ಇಳಿದವರ ಎದುರಿಗೇ ಕಡಿದಾದ ಗುಡ್ಡ. ಮೇಲೆ ಟರ್ಕಿಯವರು. ಸಂಜೆ ಹೊತ್ತಿಗೆ ಸುಮಾರು 16,000 ಜನ ದಡ ಸೇರಿದ್ದರು. ಅವರಲ್ಲಿ 2,000ಕ್ಕೂ ಹೆಚ್ಚು ಜನ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಮುಂದಿನ ಎಂಟು ತಿಂಗಳು ಅದೇ ಗುಡ್ಡದ ಮೈಗೆ ಅಂಟಿಕೊಂಡು ಕೂತರು. ಕೆಲವು ಕಡೆ ಎರಡು ಸೇನೆಗಳ ಕಂದಕಗಳ ನಡುವೆ ನಮ್ಮೂರ ಬೀದಿಯಷ್ಟು ಅಗಲವೂ ಇರಲಿಲ್ಲ. ಕೈಬಾಂಬು ಸಾಲದೆ, ಖಾಲಿ ಜಾಮ್ ಡಬ್ಬಿಗೆ ಸಿಡಿಮದ್ದು, ಕಬ್ಬಿಣದ ಚೂರು ತುಂಬಿ, ಬತ್ತಿ ಹಚ್ಚಿ ಎಸೆಯುತ್ತಿದ್ದರು. ಮೇ 24ರಂದು ಎರಡೂ ಕಡೆಯವರು ಒಂದು ಹಗಲು ಗುಂಡು ನಿಲ್ಲಿಸಿದರು. ಸಂಧಾನಕ್ಕಲ್ಲ. ಹೆಣ ಹೂಳುವುದಕ್ಕೆ. ನಡುವೆ ಬಿದ್ದಿದ್ದ ಹೆಣಗಳ ವಾಸನೆ ತಡೆಯೋದಕ್ಕೆ ಆಗುತ್ತಿರಲಿಲ್ಲ. ಒಟ್ಟು 8,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಅಲ್ಲಿ ಸತ್ತರು. ಟರ್ಕಿಯ ಕಡೆ ಸತ್ತವರು 80,000 ದಾಟಿದರು. ಈ ಎರಡನೇ ಅಂಕಿಯನ್ನೂ ನಿಮ್ಮ ಮಗ ಕ್ಲಾಸಿನಲ್ಲಿ ಹೇಳಲಿ. ಅದು ಅವರ ಮನೆಯ ಅಂಗಳ, ಇವರು ಹೊರಗಿನಿಂದ ಬಂದವರು, ಅಲ್ವಾ?

ಹಾಗಾದರೆ ಆಚರಣೆ ಯಾಕೆ? ಎಲ್ಲರೂ ಹೇಳುವ ಉತ್ತರ ಒಂದಿದೆ. 1901ರಲ್ಲಿ ಆರು ವಸಾಹತುಗಳು ಸೇರಿ ಆಸ್ಟ್ರೇಲಿಯಾ ಒಂದು ದೇಶವಾಯಿತು. ಹದಿನಾಲ್ಕು ವರ್ಷದ ಹೊಸ ದೇಶ ಗ್ಯಾಲಿಪೊಲಿಯಲ್ಲಿ ಮೊದಲ ಸಲ ಲೋಕದ ಕಣ್ಣಿಗೆ ಬಿತ್ತು, ಅಲ್ಲೇ ಅದಕ್ಕೆ 'ನಾವು' ಅನ್ನೋ ಭಾವನೆ ಹುಟ್ಟಿತು ಅಂತ. ಸುಳ್ಳಲ್ಲ. ಆದರೆ ಇದು ಸಂಪಾದಕೀಯದ ಮಾತು. ಚಳಿಯಲ್ಲಿ ನಾಲ್ಕು ಗಂಟೆಗೆ ಎದ್ದು ಮಕ್ಕಳನ್ನು ಎತ್ತಿಕೊಂಡು ಹೋಗಿ ನಿಲ್ಲುವುದಕ್ಕೆ ಇಷ್ಟು ಸಾಲದು.

ನನ್ನ ಲೆಕ್ಕದಲ್ಲಿ ಉತ್ತರ ಇರುವುದು ಸಮಾಧಿಗಳಲ್ಲಿ. ಸರಿಯಾಗಿ ಹೇಳಬೇಕೆಂದರೆ, ಇಲ್ಲದ ಸಮಾಧಿಗಳಲ್ಲಿ. ಆಗ ಆಸ್ಟ್ರೇಲಿಯಾದ ಜನಸಂಖ್ಯೆ 50 ಲಕ್ಷವೂ ಇರಲಿಲ್ಲ. ಮೊದಲ ಮಹಾಯುದ್ಧ ಮುಗಿಯುವಷ್ಟರಲ್ಲಿ ಅದರಲ್ಲಿ 4,16,809 ಜನ ಸೇನೆಗೆ ಹೆಸರು ಕೊಟ್ಟರು. 60,000ಕ್ಕೂ ಹೆಚ್ಚು ಜನ ಸತ್ತರು. ಸತ್ತವರನ್ನು ಸತ್ತಲ್ಲೇ ಹೂಳಬೇಕು, ಊರಿಗೆ ತರುವಂತಿಲ್ಲ ಅನ್ನೋದು ಬ್ರಿಟಿಷ್ ಸಾಮ್ರಾಜ್ಯದ ನಿಯಮ. ಅಷ್ಟು ಜನರಲ್ಲಿ ಗುರುತು ಸಿಕ್ಕು ತಾಯ್ನೆಲಕ್ಕೆ ಬಂದ ಹೆಣ ಒಂದೇ ಒಂದು. ಮೇಜರ್ ಜನರಲ್ ವಿಲಿಯಂ ಬ್ರಿಡ್ಜಸ್ ಅವರದು. 1915ರ ಮೇ ತಿಂಗಳಲ್ಲಿ ಗ್ಯಾಲಿಪೊಲಿಯಲ್ಲಿ ಹೊಂಚುಗಾರನ ಗುಂಡು ತಗುಲಿ ತೀರಿಕೊಂಡರು. ಕ್ಯಾನ್ಬೆರಾದ ಡಂಟ್ರೂನ್ ಬೆಟ್ಟದ ಮೇಲೆ ಅವರ ಸಮಾಧಿ ಇದೆ. ಇನ್ನೂ ವಿಚಿತ್ರ ನೋಡಿ. ಆ ಯುದ್ಧಕ್ಕೆ ಆಸ್ಟ್ರೇಲಿಯಾದಿಂದ ಒಂದು ಲಕ್ಷಕ್ಕೂ ಹೆಚ್ಚು ಕುದುರೆ ಹೋದವು. ರೋಗದ ಭಯ, ಸಾಗಣೆಯ ಖರ್ಚು ಅಂತ ಅವನ್ನೂ ವಾಪಸ್ ತರಲಿಲ್ಲ. ಮರಳಿ ಬಂದಿದ್ದು ಒಂದೇ, ಅದೂ ಇದೇ ಬ್ರಿಡ್ಜಸ್ ಅವರ ಕುದುರೆ ಸ್ಯಾಂಡಿ. ನಿಮ್ಮ ಮೆಲ್ಬರ್ನ್‌ನ ಮ್ಯಾರಿಬರ್ನಾಂಗ್‌ನಲ್ಲೇ ಮೇಯ್ದುಕೊಂಡು ಕೊನೆಯ ದಿನ ಕಳೆಯಿತು. ಒಬ್ಬ ಜನರಲ್, ಒಂದು ಕುದುರೆ. ಉಳಿದವರೆಲ್ಲ ಅಲ್ಲೇ ಉಳಿದರು.

ಈಗ ಯೋಚಿಸಿ. ಬೆಂಡಿಗೋದಲ್ಲೋ ಬ್ಯಾಲರಾಟ್‌ನಲ್ಲೋ ಒಬ್ಬ ತಾಯಿ. ಮಗ ಸತ್ತ ಅಂತ ತಂತಿ ಬಂದಿದೆ. ಹೆಣ ನೋಡಿಲ್ಲ, ಮಣ್ಣು ಹಾಕಿಲ್ಲ. ಹಡಗಿನಲ್ಲಿ ಹೋಗಿ ಬರಬೇಕೆಂದರೆ ತಿಂಗಳುಗಟ್ಟಲೆ ಪ್ರಯಾಣ, ಕೈಯಲ್ಲಿ ದುಡ್ಡಿಲ್ಲ. ಹೂವು ಇಡುವುದಕ್ಕೆ ಒಂದು ಜಾಗ ಬೇಕಲ್ಲ? ಅದಕ್ಕೇ ಊರೂರಿಗೂ ಕಲ್ಲು ನಿಂತವು. ಆಸ್ಟ್ರೇಲಿಯಾದ ಯಾವ ಸಣ್ಣ ಊರಿಗೆ ಹೋದರೂ ನಡುಬೀದಿಯಲ್ಲಿ ಒಂದು ಸ್ಮಾರಕ ಕಾಣುತ್ತೆ. ಮುಂದಿನ ಸಲ ಕಾರು ನಿಲ್ಲಿಸಿ ಹೆಸರುಗಳನ್ನು ಓದಿ. ಎಷ್ಟೋ ಕಡೆ ಸತ್ತವರದು ಮಾತ್ರವಲ್ಲ, ಹೋದವರೆಲ್ಲರ ಹೆಸರೂ ಇರುತ್ತದೆ. ಸತ್ತವರ ಹೆಸರಿನ ಮುಂದೆ ಒಂದು ಸಣ್ಣ ಗುರುತು. ನಮ್ಮಲ್ಲಿ 'ಹೋದರು' ಅಂದರೆ ಎರಡೂ ಅರ್ಥ ಬರುತ್ತಲ್ಲ, ಆ ಕಲ್ಲಿನ ಮೇಲೆ ಎರಡೂ ಥರ ಹೋದವರು ಒಟ್ಟಿಗೇ ಇದ್ದಾರೆ.

ತುಮಕೂರು ಕಡೆಯವರಿಗೆ ಇದು ಹೊಸದಾಗಿ ಕಾಣಬಾರದು. ನಮ್ಮ ಊರಬಾಗಿಲ ವೀರಗಲ್ಲುಗಳು ಗೆದ್ದವರವಲ್ಲ, ಬಿದ್ದವರವು. ದನ ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು ನೆಟ್ಟರು. ದನ ವಾಪಸ್ ಬಂತಾ ಅಂತ ಯಾರೂ ಕೇಳಲಿಲ್ಲ.

ಹೋದವರ ಹೆಸರನ್ನೂ ಕೆತ್ತಿದ್ದಕ್ಕೆ ಇನ್ನೊಂದು ಕಾರಣ ಇದೆ. ಅವರೆಲ್ಲ ಸ್ವಂತ ಇಷ್ಟದಿಂದ ಹೋದವರು. ಕಡ್ಡಾಯವಾಗಿ ಸೇನೆಗೆ ಕಳಿಸಬಹುದಾ ಅಂತ ಸರ್ಕಾರ ಜನರನ್ನೇ ಕೇಳಿತು, ಒಂದಲ್ಲ ಎರಡು ಸಲ. 1916ರ ಅಕ್ಟೋಬರ್‌ನಲ್ಲಿ ಒಮ್ಮೆ, 1917ರ ಡಿಸೆಂಬರ್‌ನಲ್ಲಿ ಒಮ್ಮೆ. ಎರಡು ಸಲವೂ ಜನ ಬೇಡ ಅಂದರು. ಯುದ್ಧ ಜೋರಾಗಿ ನಡೆಯುತ್ತಿರುವಾಗ ಮತ ಹಾಕಿ ಬೇಡ ಅನ್ನೋದು ಸಣ್ಣ ಮಾತಲ್ಲ. ನನ್ನನ್ನು ಕೇಳಿದರೆ ಆಸ್ಟ್ರೇಲಿಯಾದ ಸೈನಿಕ ಪರಂಪರೆಯಲ್ಲಿ ಗ್ಯಾಲಿಪೊಲಿಗಿಂತ ದೊಡ್ಡ ಸಂಗತಿ ಇದೇ. ಆದರೆ ಇದಕ್ಕೆ ರಜೆಯೂ ಇಲ್ಲ, ಮೆರವಣಿಗೆಯೂ ಇಲ್ಲ.

ಬೆಳಗಿನ ಜಾವವೇ ಯಾಕೆ ಅಂದರೆ, ದಡಕ್ಕೆ ಇಳಿದ ಹೊತ್ತು ಅದು ಅನ್ನೋದು ಒಂದು. ಇನ್ನೊಂದು, ಕಂದಕದ ಬದುಕು. ಶತ್ರು ದಾಳಿ ಮಾಡುವುದು ಮಬ್ಬು ಬೆಳಕಿನಲ್ಲಿ. ಹಾಗಾಗಿ ದಿನಾ ನಸುಕಿಗೆ ಮುಂಚೆ ಎಲ್ಲರನ್ನೂ ಎಬ್ಬಿಸಿ, ರೈಫಲ್ ಹಿಡಿಸಿ, ಸದ್ದಿಲ್ಲದೆ ನಿಲ್ಲಿಸುತ್ತಿದ್ದರು. ಯುದ್ಧ ಮುಗಿಸಿ ಬಂದವರಿಗೆ ಆ ಹೊತ್ತಿಗೆ ತಾನಾಗೇ ಎಚ್ಚರ ಆಗುತ್ತಿತ್ತು. 1927ರಲ್ಲಿ ಸಿಡ್ನಿಯಲ್ಲಿ ಕೆಲವು ಮಾಜಿ ಸೈನಿಕರು ಬೆಳಗಿನ ಜಾವ ಮನೆಗೆ ಹೋಗುತ್ತಿದ್ದಾಗ, ಒಬ್ಬ ಹೆಂಗಸು ಸ್ಮಾರಕದ ಹತ್ತಿರ ಒಬ್ಬಳೇ ಹೂವು ಇಡುತ್ತಿದ್ದುದನ್ನು ಕಂಡು ಜೊತೆಗೆ ನಿಂತರಂತೆ. ಮರುವರ್ಷ, 1928ರಲ್ಲಿ, ಅಲ್ಲೇ ಜನ ಸೇರಿದರು. ಅದೇ ಇವತ್ತಿನ ಡಾನ್ ಸರ್ವಿಸ್.

ಗ್ಯಾಲಿಪೊಲಿ ಕತೆಯಲ್ಲಿ ಸರಿಯಾಗಿ ಆಗಿದ್ದು ಒಂದೇ, ಬಿಟ್ಟು ಬಂದಿದ್ದು! ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಇದು ಖಂಡಿತ ಇಷ್ಟ ಆಗುತ್ತೆ. 1915ರ ಡಿಸೆಂಬರ್‌ನಲ್ಲಿ ಹತ್ತಾರು ಸಾವಿರ ಜನ ರಾತ್ರೋರಾತ್ರಿ ಜಾಗ ಖಾಲಿ ಮಾಡಬೇಕು, ಎದುರಿಗಿರುವವರಿಗೆ ಸುಳಿವು ಸಿಗಬಾರದು. ಎಲ್ಲ ಮಾಮೂಲಿಯಾಗಿದೆ ಅಂತ ತೋರಿಸಲು ಡಿಸೆಂಬರ್ 17ರಂದು ಶೆಲ್ ಗ್ರೀನ್ ಅನ್ನೋ ಬಯಲಿನಲ್ಲಿ ಕ್ರಿಕೆಟ್ ಆಡಿದರು. ತಲೆ ಮೇಲೆ ಶೆಲ್ ಹಾರುತ್ತಿದ್ದವು, ಇವರು ಬ್ಯಾಟ್ ಮಾಡುತ್ತಿದ್ದರು. ಹೊರಡುವಾಗ ಬೂಟಿಗೆ ಗೋಣಿಬಟ್ಟೆ ಸುತ್ತಿಕೊಂಡರು.

ಖಾಲಿ ಕಂದಕದಿಂದ ಗುಂಡು ಹಾರುತ್ತಿರಬೇಕಲ್ಲ? ಅದಕ್ಕೆ ವಿಲಿಯಂ ಸ್ಕರಿ ಅನ್ನೋ ಲ್ಯಾನ್ಸ್ ಕಾರ್ಪೊರಲ್ ಒಂದು ಉಪಾಯ ಮಾಡಿದ. ರೈಫಲನ್ನು ಟರ್ಕಿಯವರ ಕಡೆ ಮುಖ ಮಾಡಿ ಕಟ್ಟಿ, ಅದರ ಹತ್ತಿರ ಎರಡು ಡಬ್ಬಿ. ಮೇಲಿನ ಡಬ್ಬಿಯಲ್ಲಿ ನೀರು, ತಳದಲ್ಲಿ ಸಣ್ಣ ತೂತು. ಕೆಳಗಿನದು ಖಾಲಿ, ಅದರ ದಾರ ರೈಫಲಿನ ಕುದುರೆಗೆ ಕಟ್ಟಿದೆ. ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಕೆಳಗಿನ ಡಬ್ಬಿ ಭಾರವಾಗುತ್ತೆ, ದಾರ ಜಗ್ಗುತ್ತೆ, ಗುಂಡು ಹಾರುತ್ತೆ. ಆ ಹೊತ್ತಿಗೆ ಅದನ್ನು ಕಟ್ಟಿದವನು ದೋಣಿಯಲ್ಲಿರುತ್ತಾನೆ. ಶಿವನ ಲಿಂಗದ ಮೇಲೆ ತೂಗುಬಿಟ್ಟ ಧಾರಾಪಾತ್ರೆ ನೋಡಿದ್ದೀರಲ್ಲ, ಅದೇ ಲೆಕ್ಕ. ಡಿಸೆಂಬರ್ 20ರ ನಸುಕಿಗೆ ಮುಂಚೆ ಕೊನೆಯವನೂ ದಡ ಬಿಟ್ಟಿದ್ದ. ಎಂಟು ತಿಂಗಳು ಅಷ್ಟು ಜನರನ್ನು ಕಳೆದುಕೊಂಡವರು ವಾಪಸ್ ಬರುವಾಗ ಹೆಚ್ಚುಕಡಿಮೆ ಯಾರನ್ನೂ ಕಳೆದುಕೊಳ್ಳಲಿಲ್ಲ.

ಇನ್ನು ಹ್ಯಾಟು. ಸ್ಲೌಚ್ ಹ್ಯಾಟ್ ಅನ್ನುತ್ತಾರೆ, ಮೊಲದ ರೋಮದ ಫೆಲ್ಟ್‌ನಿಂದ ಮಾಡಿದ್ದು. ಅಗಲ ಅಂಚು ಬಿಸಿಲಿಗೆ. ಎಡಗಡೆ ಮಡಚುವುದು ಯಾಕೆಂದರೆ, ರೈಫಲನ್ನು ಹೆಗಲ ಮೇಲೆ ಇಟ್ಟಾಗ ಅಂಚಿಗೆ ತಗುಲಬಾರದು ಅಂತ. ವಿಕ್ಟೋರಿಯಾದ ಕುದುರೆ ಸವಾರರ ಪಡೆಯೊಂದು 1885ರಲ್ಲೇ ಈ ಹ್ಯಾಟು ಹಾಕಲು ಶುರುಮಾಡಿತ್ತು. ಹ್ಯಾಟಿನ ಸುತ್ತ ಮಡಿಕೆ ಮಡಿಕೆಯಾಗಿ ಒಂದು ಬಟ್ಟೆ ಪಟ್ಟಿ ಇರುತ್ತೆ, ನೋಡಿ. ಅದಕ್ಕೆ ಅವರು ಕರೆಯೋದು ಪಗರೀ. ಹೌದು, ಹಿಂದಿಯ ಪಗಡಿಯೇ, ನಮ್ಮ ರುಮಾಲು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಬಿಸಿಲಿಗೆ ಟೊಪ್ಪಿ ಸುತ್ತ ಬಟ್ಟೆ ಸುತ್ತಿಕೊಳ್ಳುತ್ತಿದ್ದರು, ಪದವೂ ಬಟ್ಟೆಯೂ ಅಲ್ಲಿಗೆ ಹೋದವು. ಈಗ ಅದರಲ್ಲಿ ಏಳು ಮಡಿಕೆ: ಆರು ರಾಜ್ಯಕ್ಕೆ ಆರು, ಟೆರಿಟರಿಗಳಿಗೆ ಒಂದು. ಕೆಲವು ಹ್ಯಾಟುಗಳಲ್ಲಿ ಎಮು ಹಕ್ಕಿಯ ಗರಿಯೂ ಇರುತ್ತೆ, ಅದು ಲೈಟ್ ಹಾರ್ಸ್ ಅನ್ನೋ ಕುದುರೆ ಪಡೆಯವರದು. ಗೊತ್ತಿಲ್ಲದವರು ಕೇಳಿದರೆ ಇದು ಕಾಂಗರೂ ಗರಿ ಅಂತ ಮುಖ ಗಂಭೀರ ಮಾಡಿಕೊಂಡು ಹೇಳುತ್ತಿದ್ದರಂತೆ.

ಡಿಗ್ಗರ್ ಅಂದರೆ ಅಗೆಯುವವನು. 1850ರ ದಶಕದಲ್ಲಿ ಚಿನ್ನ ಹುಡುಕಲು ಬಂದವರ ಹೆಸರು ಅದು. ಮೊದಲ ಮಹಾಯುದ್ಧದಲ್ಲಿ, ಅದರಲ್ಲೂ 1917ರ ಹೊತ್ತಿಗೆ ಫ್ರಾನ್ಸ್‌ನಲ್ಲಿ, ಕಂದಕ ತೋಡುವ ಸೈನಿಕನಿಗೆ ಅಂಟಿಕೊಂಡಿತು. ಇಲ್ಲೊಂದು ಗುಣ ಗಮನಿಸಿ. ಈ ಜನ ಯಾರೋ ಹಂಗಿಸಿದ್ದನ್ನೇ ಎತ್ತಿಕೊಂಡು ಬಿರುದು ಮಾಡಿಕೊಳ್ಳುತ್ತಾರೆ. ಮೊದಲ ಯುದ್ಧದಲ್ಲಿ ದಿನಕ್ಕೆ ಆರು ಶಿಲಿಂಗ್ ಸಂಬಳ, ಬ್ರಿಟಿಷ್ ಸಿಪಾಯಿಗಿಂತ ತುಂಬಾ ಜಾಸ್ತಿ. 'ಆರು ಶಿಲಿಂಗಿನ ಪ್ರವಾಸಿಗರು' ಅಂತ ಆಡಿಕೊಂಡರು. ಇವರು ಹೌದು ಅಂತ ನಕ್ಕರು. 1941ರಲ್ಲಿ ಲಿಬಿಯಾದ ಟೊಬ್ರುಕ್ ಬಂದರಿನಲ್ಲಿ ಸುಮಾರು 14,000 ಆಸ್ಟ್ರೇಲಿಯನ್ನರು ಜರ್ಮನ್ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದಾಗ, ಜರ್ಮನ್ ರೇಡಿಯೋ ಇವರನ್ನು ಬಿಲದ ಇಲಿಗಳು ಅಂದಿತು. ಸರಿ, 'ಟೊಬ್ರುಕ್‌ನ ಇಲಿಗಳು' ಅಂತಲೇ ಕರೆದುಕೊಂಡರು, ಇಲಿ ಚಿತ್ರದ ಪದಕವನ್ನೂ ಮಾಡಿಕೊಂಡರು. ಅಂದಹಾಗೆ ಆ ಮುತ್ತಿಗೆಯೊಳಗೆ ಭಾರತದ 18ನೇ ಕ್ಯಾವಲ್ರಿಯೂ ಇತ್ತು.

ಮೇಲಧಿಕಾರಿಗೆ ಸೆಲ್ಯೂಟ್ ಹೊಡೆಯುವುದರಲ್ಲಿ ಇವರು ಜಿಪುಣರು ಅಂತ ಬ್ರಿಟಿಷರ ದೂರು. ಈ ಬಗ್ಗೆ ಕತೆಗಳು ಬೇಕಾದಷ್ಟಿವೆ, ಅರ್ಧಕ್ಕರ್ಧ ಕಟ್ಟುಕತೆ ಇರಬೇಕು. ಆದರೆ ಒಂದು ಕಾನೂನಿನ ವಿಷಯ ಮಾತ್ರ ನಿಜ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ತನ್ನದೇ ಸೈನಿಕರನ್ನು, ಹೆದರಿ ಓಡಿಹೋದರು ಅಂತ ನೂರಾರು ಜನರನ್ನು ಗುಂಡಿಟ್ಟು ಕೊಂದಿತು. ಆಸ್ಟ್ರೇಲಿಯಾದ 1903ರ ರಕ್ಷಣಾ ಕಾಯ್ದೆ ಇದಕ್ಕೆ ಅಡ್ಡ ನಿಂತಿತ್ತು, ಗವರ್ನರ್ ಜನರಲ್ ಒಪ್ಪದೆ ಮರಣದಂಡನೆ ಜಾರಿ ಮಾಡುವಂತಿಲ್ಲ. ನೂರಕ್ಕೂ ಹೆಚ್ಚು ಜನರಿಗೆ ಶಿಕ್ಷೆ ಆಯಿತು, ಒಬ್ಬನಿಗೂ ಜಾರಿಯಾಗಲಿಲ್ಲ.

ಇನ್ನೊಂದು ದಂತಕತೆ ಇದೆ: ಆಸ್ಟ್ರೇಲಿಯಾದ ಸೈನಿಕ ಅಂದರೆ ಹಳ್ಳಿಗಾಡಿನವನು, ಹುಟ್ಟಾ ಕುದುರೆ ಸವಾರ, ಗುರಿಕಾರ. ಇದನ್ನು ಬೆಳೆಸಿದವರು ಯುದ್ಧದ ಅಧಿಕೃತ ಇತಿಹಾಸ ಬರೆದ ಚಾರ್ಲ್ಸ್ ಬೀನ್. ದೊಡ್ಡ ಮನುಷ್ಯ, ಅವರ ಮೇಲೆ ನನಗೆ ಗೌರವ ಇದೆ. ಆದರೆ ಹೋದವರಲ್ಲಿ ಹೆಚ್ಚಿನವರು ಪಟ್ಟಣದ ಕೂಲಿಗಳು, ಗುಮಾಸ್ತರು, ಕಸುಬುದಾರರು. ಅವರನ್ನು ಗೆಲ್ಲಿಸಿದ ದಂಡನಾಯಕನೂ ಹಳ್ಳಿಯವನಲ್ಲ. ಜಾನ್ ಮೊನಾಶ್ ಸಿವಿಲ್ ಎಂಜಿನಿಯರ್, ಸೇತುವೆ ಕಟ್ಟುತ್ತಿದ್ದವರು, ವಲಸೆ ಬಂದ ಯಹೂದಿ ಕುಟುಂಬದ ಮಗ. 1918ರ ಜುಲೈ 4ರಂದು ಫ್ರಾನ್ಸ್‌ನ ಹ್ಯಾಮೆಲ್‌ನಲ್ಲಿ ಕಾಲಾಳು, ಟ್ಯಾಂಕು, ವಿಮಾನ, ಫಿರಂಗಿ ಎಲ್ಲವನ್ನೂ ಕಟ್ಟಡದ ಕಾಮಗಾರಿಯಂತೆ ನಿಮಿಷ ನಿಮಿಷಕ್ಕೆ ಹೊಂದಿಸಿದರು. 90 ನಿಮಿಷದ ಯೋಜನೆ, ಮುಗಿದಿದ್ದು 93 ನಿಮಿಷಕ್ಕೆ. ಬೆಂಗಳೂರಿನ ಯಾವ ಕಾಂಟ್ರಾಕ್ಟರನಿಗಾದರೂ ಇದನ್ನು ಹೇಳಬೇಕು! ಯುದ್ಧ ಮುಗಿಸಿ ಬಂದು ವಿಕ್ಟೋರಿಯಾದ ವಿದ್ಯುತ್ ಆಯೋಗ ನಡೆಸಿದರು. ನಿಮ್ಮ ಊರಿನ ಮೊನಾಶ್ ವಿಶ್ವವಿದ್ಯಾಲಯ ಅವರ ಹೆಸರಿನದು, ನೂರು ಡಾಲರ್ ನೋಟಿನ ಮೇಲೂ ಅವರೇ.

ಈಗ ನಿಮ್ಮ ದೊಡ್ಡ ಪ್ರಶ್ನೆ, ನಮ್ಮವರು ಇದ್ದರಾ ಅನ್ನೋದು. ಮೊದಲ ದಿನದಿಂದಲೇ ಇದ್ದರು. 1915ರ ಏಪ್ರಿಲ್ 25ರಂದೇ ಆನ್ಜಾಕ್‌ಗಳ ಜೊತೆ ಭಾರತದ ಎರಡು ಬೆಟ್ಟದ ಫಿರಂಗಿ ಪಡೆಗಳು ಇಳಿದವು, 21ನೇ ಕೋಹಟ್ ಮತ್ತು 26ನೇ ಜೇಕಬ್ಸ್. ಫಿರಂಗಿಯನ್ನು ಬಿಚ್ಚಿ ಹೇಸರಗತ್ತೆಗಳ ಬೆನ್ನ ಮೇಲೆ ಗುಡ್ಡ ಹತ್ತಿಸುತ್ತಿದ್ದರು. ಆ ಕಡಿದಾದ ಜಾಗಕ್ಕೆ ಅನ್ನ, ನೀರು, ಗುಂಡು ಹೊತ್ತಿದ್ದೂ ಭಾರತದ ಹೇಸರಗತ್ತೆ ಪಡೆಯೇ. ಸಿಖ್ಖರು, ಗೂರ್ಖಾಗಳು ಬೇರೆ ಬ್ರಿಗೇಡಿನಲ್ಲಿ ಹೋರಾಡಿದರು. ಒಟ್ಟು 15,000ದ ಆಸುಪಾಸು ಭಾರತೀಯರು ಆ ದಂಡಯಾತ್ರೆಯಲ್ಲಿ ಇದ್ದರು.

ನಿಮ್ಮ ಮಗನಿಗೆ ಸಿಂಪ್ಸನ್ ಮತ್ತು ಕತ್ತೆಯ ಕತೆ ಶಾಲೆಯಲ್ಲಿ ಹೇಳಿಯೇ ಇರುತ್ತಾರೆ. ಗಾಯಗೊಂಡವರನ್ನು ಕತ್ತೆ ಮೇಲೆ ಕೂರಿಸಿಕೊಂಡು ದಡಕ್ಕೆ ತರುತ್ತಿದ್ದ, ಇಳಿದ ನಾಲ್ಕೇ ವಾರಕ್ಕೆ ಸತ್ತ. ಶಾಲೆಯಲ್ಲಿ ಹೇಳದೆ ಬಿಟ್ಟಿರಬಹುದಾದ ಭಾಗ ಇದು: ಸಿಂಪ್ಸನ್ ತನ್ನ ಪಡೆಯ ಜೊತೆ ಇರುತ್ತಿರಲಿಲ್ಲ. ಭಾರತದ ಹೇಸರಗತ್ತೆಯವರ ಬಿಡಾರದಲ್ಲಿ ಮಲಗುತ್ತಿದ್ದ, ಅವರ ಅಡುಗೆಯನ್ನೇ ಉಣ್ಣುತ್ತಿದ್ದ. ಅವರು ಅವನನ್ನು ಬಹಾದ್ದೂರ್ ಅಂತ ಕರೆಯುತ್ತಿದ್ದರು.

ಇದೆಲ್ಲ ಪಂಜಾಬು, ನೇಪಾಳದವರ ಮಾತಾಯಿತು, ಕನ್ನಡನಾಡಿನವರು? ಅದಕ್ಕೆ ಪ್ಯಾಲೆಸ್ಟೈನ್‌ಗೆ ಹೋಗಬೇಕು. ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಮಹಾರಾಜರ ಈಟಿ ಹಿಡಿದ ಕುದುರೆ ಪಡೆ, 1914ರ ಕೊನೆಯಲ್ಲೇ ಈಜಿಪ್ಟ್ ತಲುಪಿ ಸೂಯೆಜ್ ಕಾಲುವೆ ಕಾಯುತ್ತಿತ್ತು. ಅದೇ ಹೊತ್ತಿಗೆ ಆಸ್ಟ್ರೇಲಿಯಾದವರು ಪಿರಮಿಡ್ಡುಗಳ ಪಕ್ಕ ಬಿಡಾರ ಹೂಡಿದ್ದರು. 1918ರ ಹೊತ್ತಿಗೆ ಇಬ್ಬರೂ ಒಂದೇ ಸೇನಾಪತಿಯ ಕೈಕೆಳಗೆ ಬಂದರು. ಡೆಸರ್ಟ್ ಮೌಂಟೆಡ್ ಕೋರ್ ಅನ್ನೋ ಆ ದೊಡ್ಡ ಕುದುರೆ ಸೇನೆಯ ದಂಡನಾಯಕ ಹ್ಯಾರಿ ಶೊವೆಲ್, ಆಸ್ಟ್ರೇಲಿಯಾದವರು.

ಶೊವೆಲ್ ಅವರ ಹೆಸರು ಮಾಡಿದ್ದು 1917ರ ಅಕ್ಟೋಬರ್ 31ರ ಬೇರ್‌ಶೇಬಾ ಕಾಳಗ. ಕುದುರೆಗಳಿಗೆ ನೀರಿಲ್ಲ, ಬಾವಿಗಳು ಊರೊಳಗೆ, ಊರು ಟರ್ಕಿಯವರ ಕೈಯಲ್ಲಿ. ಸೂರ್ಯ ಮುಳುಗುತ್ತಿದೆ. ಲೈಟ್ ಹಾರ್ಸ್‌ನ 800 ಜನ ಬಯಲಿನಲ್ಲಿ ನೇರ ಕುದುರೆ ಓಡಿಸಿದರು. ಇವರ ಹತ್ತಿರ ಕತ್ತಿ ಇರಲಿಲ್ಲ. ರೈಫಲಿನ ಬಯೊನೆಟ್ಟನ್ನೇ ಕೈಯಲ್ಲಿ ಹಿಡಿದಿದ್ದರು. ಟರ್ಕಿಯವರು ಇವರು ಕುದುರೆ ಇಳಿದು ಹೊಡೆದಾಡುತ್ತಾರೆ ಅಂದುಕೊಂಡಿದ್ದರು, ಇಳಿಯಲೇ ಇಲ್ಲ. ಗುಂಡುಗಳು ತಲೆ ಮೇಲಿಂದ ಹಾರಿಹೋದವು. 31 ಜನ ಸತ್ತರು, ಬಾವಿಗಳು ಸಿಕ್ಕವು.

ಮರುವರ್ಷ, 1918ರ ಸೆಪ್ಟೆಂಬರ್ 23ರಂದು ಹೈಫಾ. ಶೊವೆಲ್ ಅವರ ಕೋರಿನಲ್ಲಿದ್ದ ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಆ ಬಂದರನ್ನು ಹಿಡಿದರು. ಊರ ಪಕ್ಕದ ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿಗಳಿದ್ದವು. ಮೈಸೂರಿನವರು ಬೆಟ್ಟ ಹತ್ತಿ ಅವುಗಳ ಬಾಯಿ ಮುಚ್ಚಿಸಿದರು, ಜೋಧಪುರದವರು ಕೆಳಗಿನಿಂದ ಊರಿಗೆ ನುಗ್ಗಿದರು. 1,300ಕ್ಕೂ ಹೆಚ್ಚು ಜನ ಸೆರೆ ಸಿಕ್ಕರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ನಮ್ಮಲ್ಲಿ ಎಷ್ಟು ಜನ ಅದರ ಮುಂದೆ ಗಾಡಿ ನಿಲ್ಲಿಸಿ ಓದಿದ್ದೇವೆ ಅನ್ನೋದು ಬೇರೆ ಮಾತು.

ಕುದುರೆಗೂ ಒಂದು ನಂಟು. ಲೈಟ್ ಹಾರ್ಸ್‌ನವರ ತಳಿಯ ಹೆಸರು ವೇಲರ್. ನ್ಯೂ ಸೌತ್ ವೇಲ್ಸ್‌ನ ಕುದುರೆಗೆ ಆ ಹೆಸರಿಟ್ಟಿದ್ದು ಭಾರತದಲ್ಲಿ, ಇಲ್ಲಿನ ಸೇನೆ ದಶಕಗಳ ಕಾಲ ಅವನ್ನು ಹಡಗುಗಟ್ಟಲೆ ತರಿಸಿಕೊಳ್ಳುತ್ತಿತ್ತು. ಯುದ್ಧ ಮುಗಿದಾಗ ಊರಿಗೆ ಹೋಗಲಾಗದ ವೇಲರ್‌ಗಳಲ್ಲಿ ಹಲವು ಭಾರತೀಯ ಸೇನೆಗೆ ಸೇರಿದವು. ಇನ್ನೊಂದು ನಂಟು ನಮ್ಮ ಕೊಡಗಿನದು. ಜನರಲ್ ಕಾರ್ಯಪ್ಪನವರು ನಿವೃತ್ತಿಯಾದ ಮೇಲೆ 1953ರಿಂದ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಭಾರತದ ಹೈಕಮಿಷನರ್ ಆಗಿದ್ದರು.

ಎರಡನೇ ಮಹಾಯುದ್ಧ ಬೇರೆಯೇ ಕತೆ. ನ್ಯೂಗಿನಿಯ ಕೊಕೊಡ ಕಾಡುದಾರಿಯಲ್ಲಿ 1942ರಲ್ಲಿ ಜಪಾನಿಯರನ್ನು ತಡೆದಿದ್ದನ್ನು ಆಸ್ಟ್ರೇಲಿಯನ್ನರು ಗ್ಯಾಲಿಪೊಲಿಯಷ್ಟೇ ನೆನೆಯುತ್ತಾರೆ. ಸಿಂಗಾಪುರ ಬಿದ್ದಾಗ ಸುಮಾರು 15,000 ಜನ ಸೆರೆಯಾದರು. ಬರ್ಮಾ-ಥಾಯ್ಲೆಂಡ್ ರೈಲುದಾರಿ ಹಾಕಲು ಹೋದ 13,000 ಆಸ್ಟ್ರೇಲಿಯನ್ನರಲ್ಲಿ 2,800 ಜನ ಹಸಿವು, ಕಾಲರಾ, ಏಟಿಗೆ ಸತ್ತರು. ಮಲಯದ ರಬ್ಬರ್ ತೋಟಗಳಿಂದ ತಂದ ತಮಿಳು ಕೂಲಿಗಳೂ ಅದೇ ಹಳಿಯ ಪಕ್ಕದಲ್ಲಿ ಸಾವಿರಾರು ಜನ ಸತ್ತರು. ಅವರನ್ನು ಹೆಸರು ಹಿಡಿದು ಎಣಿಸಿಟ್ಟವರು ಯಾರೂ ಇರಲಿಲ್ಲ.

ಬೇಡ ಅಂದಿದ್ದ ಕಡ್ಡಾಯ ಸೇವೆ ವಿಯೆಟ್ನಾಂ ಯುದ್ಧದ ಹೊತ್ತಿಗೆ ಲಾಟರಿಯಾಗಿ ಬಂತು. ಹುಟ್ಟಿದ ತಾರೀಖುಗಳ ಗೋಲಿಗಳನ್ನು ಪೀಪಾಯಿಗೆ ಹಾಕಿ ತಿರುಗಿಸುತ್ತಿದ್ದರು. ಬಂದ ಗೋಲಿ ನಿಮ್ಮ ತಾರೀಖಿನದಾದರೆ, ಇಪ್ಪತ್ತು ವರ್ಷದ ಹುಡುಗ ಸೇನೆಗೆ. ಹೀಗೆ ಹೋದವರು ವಾಪಸ್ ಬಂದಾಗ ಸ್ವಾಗತ ಸರಿಯಾಗಿ ಸಿಗಲಿಲ್ಲ. ಸಿಡ್ನಿಯಲ್ಲಿ ಅವರಿಗೊಂದು ದೊಡ್ಡ ಮೆರವಣಿಗೆ ಆಗಿದ್ದು 1987ರಲ್ಲಿ.

ಕೊಳಕನ್ನೂ ಮುಚ್ಚಿಡಬಾರದು. 1918ರ ಡಿಸೆಂಬರ್‌ನಲ್ಲಿ ಪ್ಯಾಲೆಸ್ಟೈನ್‌ನ ಸುರಾಫೆಂಡ್ ಅನ್ನೋ ಹಳ್ಳಿಗೆ ಆನ್ಜಾಕ್ ಸವಾರರು ನುಗ್ಗಿ ಅಲ್ಲಿನ ಅರಬ್ ಗಂಡಸರನ್ನು ಕೊಂದರು. ಸಾವಿರದಷ್ಟು ಮೂಲನಿವಾಸಿಗಳು ಮೊದಲ ಯುದ್ಧದಲ್ಲಿ ಹೋರಾಡಿದರು, ಬಿಳಿಯರಲ್ಲದವರನ್ನು ಸೇರಿಸಿಕೊಳ್ಳಬಾರದು ಅನ್ನೋ ನಿಯಮ ಇದ್ದರೂ. ವಾಪಸ್ ಬಂದಾಗ ಬಿಳಿ ಸೈನಿಕರಿಗೆ ಸಿಕ್ಕ ಜಮೀನು ಅವರಲ್ಲಿ ಬಹುತೇಕರಿಗೆ ಸಿಗಲಿಲ್ಲ. 2020ರ ನವೆಂಬರ್‌ನಲ್ಲಿ ಬಂದ ಬ್ರೆರಟನ್ ವರದಿ, ಅಫ್ಘಾನಿಸ್ತಾನದಲ್ಲಿ ವಿಶೇಷ ಪಡೆಯವರು 39 ಜನರನ್ನು ಕಾನೂನುಬಾಹಿರವಾಗಿ ಕೊಂದರು ಅನ್ನೋದಕ್ಕೆ ನಂಬುವಂಥ ಮಾಹಿತಿ ಇದೆ ಎಂದಿತು. ಈ ತನಿಖೆಯನ್ನು ಮಾಡಿಸಿದ್ದು ಆಸ್ಟ್ರೇಲಿಯಾದ ಸೇನೆಯೇ.

ಕ್ಯಾನ್ಬೆರಾಕ್ಕೆ ಹೋದರೆ ವಾರ್ ಮೆಮೋರಿಯಲ್ ನೋಡದೆ ಬರಬೇಡಿ. ಅಲ್ಲಿ ಕಂಚಿನ ಫಲಕಗಳ ಉದ್ದದ ಗೋಡೆ ಇದೆ, ಒಂದು ಲಕ್ಷಕ್ಕೂ ಹೆಚ್ಚು ಹೆಸರು. ಯಾರ ಹೆಸರಿನ ಮುಂದೆಯೂ ಹುದ್ದೆ ಇಲ್ಲ. ಜನರಲ್ ಬ್ರಿಡ್ಜಸ್ ಕೂಡ ಬರೀ ಬ್ರಿಡ್ಜಸ್. ಫಲಕಗಳ ನಡುವಿನ ಸಂದಿಗೆ ಜನ ಕೆಂಪು ಪಾಪಿ ಹೂ, ಅಂದರೆ ಗಸಗಸೆ ಜಾತಿಯ ಹೂ, ಸಿಕ್ಕಿಸಿ ಹೋಗುತ್ತಾರೆ. ನಾನು ಹೋಗಿದ್ದ ದಿನ ಒಬ್ಬ ಅಜ್ಜಿ ಕೈ ನಿಲುಕದೆ ಮೊಮ್ಮಗನನ್ನು ಎತ್ತಿಸಿ ಮೇಲಿನ ಒಂದು ಹೆಸರಿಗೆ ಹೂ ಇಡಿಸಿದರು. ಆ ಹುಡುಗನಿಗೆ ಹೆಸರು ಓದುವುದಕ್ಕೂ ಬರುತ್ತಿರಲಿಲ್ಲ.

ಈಗ ಹೋಗುವ ವಿಷಯ. ನಗರದ ದೊಡ್ಡ ಯುದ್ಧ ಸ್ಮಾರಕ ಶ್ರೈನ್‌ನಲ್ಲಿ ಜನ ಜಾಸ್ತಿ, ಮಗು ಸುಸ್ತಾಗುತ್ತೆ. ನಿಮ್ಮ ಬಡಾವಣೆಯ ಆರ್‌ಎಸ್‌ಎಲ್, ಅಂದರೆ ಮಾಜಿ ಸೈನಿಕರ ಸಂಘದವರು, ಮಾಡುವ ಚಿಕ್ಕ ಕಾರ್ಯಕ್ರಮ ವಾಸಿ. ಸಮಯ ಮೊದಲೇ ನೋಡಿಕೊಳ್ಳಿ, ಸ್ವೆಟರ್ ಮರೆಯಬೇಡಿ. ಕಹಳೆ ಊದುತ್ತಾರೆ, ಒಂದು ನಿಮಿಷ ಮೌನ ಇರುತ್ತೆ, ಟೋಪಿ ತೆಗೆಯಬೇಕು. ಚಪ್ಪಾಳೆ ತಟ್ಟಬಾರದು. ಎದೆಗೆ ಒಂದು ಎಸಳು ರೋಸ್ಮರಿ ಸಿಕ್ಕಿಸಿಕೊಳ್ಳುತ್ತಾರೆ, ಗ್ಯಾಲಿಪೊಲಿಯ ಗುಡ್ಡದಲ್ಲಿ ತಾನಾಗೇ ಬೆಳೆಯುವ ಗಿಡ ಅದು. ನಿಮ್ಮ ಮನೆತನದಲ್ಲಿ ಯಾರಾದರೂ ಭಾರತೀಯ ಸೇನೆಯಲ್ಲಿದ್ದು ಅವರ ಪದಕ ಇದ್ದರೆ ಹಾಕಿಕೊಂಡು ಹೋಗಿ. ಸ್ವಂತದ್ದು ಎಡಗಡೆ, ಹಿರಿಯರದ್ದು ಬಲಗಡೆ. ಮುಗಿದ ಮೇಲೆ ಗನ್‌ಫೈರ್ ಬ್ರೇಕ್‌ಫಾಸ್ಟ್ ಇದ್ದರೆ ಕಾಫಿಗೆ ರಮ್ ಬೆರೆಸಿ ಕೊಡುತ್ತಾರೆ, ಬೇಡ ಅಂದರೆ ಬರೀ ಕಾಫಿ. ಎರಡು ನಾಣ್ಯ ಚಿಮ್ಮಿ ಬಾಜಿ ಕಟ್ಟುವ ಟೂ-ಅಪ್ ಆಟವೂ ಕೆಲವು ಕಡೆ ಆವತ್ತು ನಡೆಯುತ್ತೆ. ನೋಡಿ, ಆಡಬೇಡಿ.

ಆನ್ಜಾಕ್ ಬಿಸ್ಕತ್ತು ಮಾತ್ರ ನೀವೂ ಮಾಡಬಹುದು: ಓಟ್ಸ್, ಕೊಬ್ಬರಿ ತುರಿ, ಮೈದಾ, ಬೆಣ್ಣೆ, ಗೋಲ್ಡನ್ ಸಿರಪ್. ಮೊಟ್ಟೆ ಇಲ್ಲ. ತವರಿನಲ್ಲಿ ಹೆಂಗಸರು ಮಾಡಿ ಮಾರಿ ಯುದ್ಧನಿಧಿಗೆ ದುಡ್ಡು ಕೂಡಿಸುತ್ತಿದ್ದ ತಿಂಡಿ ಇದು. ಸೈನಿಕರು ತಿಂದಿದ್ದು ಬೇರೆ, ಹೆಂಚಿನಷ್ಟು ಗಟ್ಟಿ ಬಿಸ್ಕತ್ತು, ನೀರಲ್ಲಿ ನೆನೆಸಿ ಕುಟ್ಟಬೇಕಿತ್ತು. ಕುಕೀ ಅಂತ ಮಾತ್ರ ಕರೆಯಬೇಡಿ, ಅಲ್ಲಿನವರಿಗೆ ಕೋಪ ಬರುತ್ತೆ.

ಮಗನ ಐದು ನಿಮಿಷಕ್ಕೆ ನನ್ನ ಸಲಹೆ ಕೇಳಿದರೆ, ಸ್ಕರಿಯ ಡಬ್ಬಿ ತೋರಿಸಲಿ. ಎರಡು ಖಾಲಿ ಡಬ್ಬಿ, ಒಂದು ಮೊಳೆ, ದಾರ, ಒಂದು ಲೋಟ ನೀರು. ಆಟದ ಬಂದೂಕು ಶಾಲೆಗೆ ಒಯ್ಯಬೇಡಿ, ದಾರದ ತುದಿಗೆ ಪೂಜೆಯ ಗಂಟೆ ಕಟ್ಟಿ. ತೂತು ತೀರಾ ಸಣ್ಣದಾದರೆ ಐದು ನಿಮಿಷದಲ್ಲಿ ಗಂಟೆ ಬಾರಿಸುವುದಿಲ್ಲ. ಹಿಂದಿನ ರಾತ್ರಿಯೇ ಸಿಂಕ್ ಹತ್ತಿರ ಎರಡು ಸಲ ಮಾಡಿ ನೋಡಿ.